ಏಳುಮಲೈಯವರ ಉಪ್ಪಿನ ಜಾಡಿಗಳು

ಮಣ್ಣಿನ ಕೆಲಸ ಕಲಿಸುವ ಉದ್ಯೋಗಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಈಚೆಗೆ ಬಂಗಾರಪೇಟೆಯ ನಮ್ಮ ಮನೆಗೆ ಬಂದಿದ್ದರು. "ನಿಮ್ಮ ಕೇಂದ್ರದಲ್ಲಿ ಯಾರ ಮಡಕೆಯೂ ಒಡೆಯುತ್ತಿರಲಿಲ್ಲವಂತೆ, ಅದು ಹೇಗೆ ಮೇಡಂ?" ಎಂದು ಕೇಳಿದರು. ಕಾಫಿ ತರುವ ನೆಪದಲ್ಲಿ ನಾನು ಒಳಗೆ ಎದ್ದುಹೋದೆ. ಉತ್ತರ ನನಗೆ ಗೊತ್ತಿತ್ತು. ಆದರೆ ಎದುರಿಗೆ ಕೂತು ಹೇಳುವಷ್ಟು ಮುಖ ಇರಲಿಲ್ಲ. ಅದಕ್ಕೇ ಈ ಬರಹ.

ನನಗೆ ಚಿಕ್ಕಂದಿನಿಂದ ದಿನಚರಿ ಬರೆಯುವ ಅಭ್ಯಾಸ. ಯಾವ ವಾರ ಎಷ್ಟು ಮಣ್ಣು ಕಲಸಿದೆವು, ಮಡಕೆ ಸುಡುವ ಆವಿಗೆಯಲ್ಲಿ ಎಷ್ಟು ಉಳಿದವು, ಎಷ್ಟು ಸೀಳಿದವು, ಎಲ್ಲವನ್ನೂ ಬರೆದಿಡುತ್ತಿದ್ದೆ. ಯಾವಾಗ ಖಾಯಂ ಆದೆ, ಯಾವಾಗ ಹಿರಿಯ ಶಿಕ್ಷಕಿಯಾದೆ ಎಂಬುದೂ ಅದರಲ್ಲಿದೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ, ಹಾಗಾಗಿ ಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸೇರಿದಾಗ ಕುಂಬಾರಿಕೆ ಕಲಿಸುವ ಆ ಕೇಂದ್ರ ಇದ್ದದ್ದು ನಂದಿದುರ್ಗದ ಚಿನ್ನದ ಗಣಿಯ ಕಾರ್ಮಿಕರ ಸಾಲುಮನೆಗಳ, ಅಂದರೆ ಲೈನುಗಳ, ಪಕ್ಕದ ಒಂದು ಹಳೆಯ ತಗಡಿನ ಶೆಡ್ಡಿನಲ್ಲಿ. ಒಂದು ಚಿಕ್ಕ ಟ್ರಸ್ಟು ಅದನ್ನು ನಡೆಸುತ್ತಿತ್ತು. ಕಾಲಿನಿಂದ ಒದ್ದು ತಿರುಗಿಸುವ ಐದು ಚಕ್ರ, ಮಣ್ಣು ನೆನೆಹಾಕುವ ತೊಟ್ಟಿ, ಹಿಂಭಾಗದಲ್ಲಿ ಎಣ್ಣೆ ಬರ್ನರಿನ ಆವಿಗೆ. ಬಾಗಿಲಿಗೆ ಚಿಲಕವಿತ್ತು, ಹಗಲಲ್ಲಿ ಯಾರೂ ಹಾಕುತ್ತಿರಲಿಲ್ಲ. ಲೈನಿನ ಹೆಂಗಸರು ಸೊಂಟದಲ್ಲಿ ಮಗು ಇಟ್ಟುಕೊಂಡೇ ಬರುತ್ತಿದ್ದರು. ಮೊದಲ ಪಾಳಿ ಮುಗಿಸಿದ ಗಂಡಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಒಳಗೆ ಬನ್ನಿ, ಮಣ್ಣು ಯಾರನ್ನೂ ಜಾತಿ ಕೇಳಲ್ಲ, ವಯಸ್ಸು ಕೇಳಲ್ಲ" ಎಂದು ಲಲಿತಾ ಮೇಡಂ ಕೈಹಿಡಿದು ಕರೆತರುತ್ತಿದ್ದರು.

ಲಲಿತಾ ಮೇಡಂ ನಮ್ಮ ಮುಖ್ಯಸ್ಥೆ. ಕಲಾಶಾಲೆಯಲ್ಲಿ ಕಲಿತವರು, ಒಳ್ಳೆಯ ಮನಸ್ಸಿನವರು. ಅವರ ಕೆಳಗೆ ಕಲಿಸುವವರು ನಾವಿಬ್ಬರೇ, ನಾನು ಮತ್ತು ಸಂಪಂಗಿ. ಸಂಪಂಗಿ ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಚಕ್ರದ ಮೇಲೆ ದೊಡ್ಡ ಹೂಜಿಗಳನ್ನು ಎತ್ತಿ ಕಟ್ಟುವುದರಲ್ಲಿ ಗಟ್ಟಿಗ, ಬಾಯಿಯಲ್ಲಿ ಇನ್ನೂ ಗಟ್ಟಿಗ. ನಾನು ದಿನಾ ಬಂಗಾರಪೇಟೆಯಿಂದ ರೈಲಿನಲ್ಲಿ ಬರುತ್ತಿದ್ದೆ. ಸೀರೆಯ ಅಂಚಿಗೆ ಮಣ್ಣು ಮೆತ್ತಿಕೊಂಡು ಮನೆಗೆ ಹೋದರೆ ಅಮ್ಮ, "ಏನೇ, ನಿನ್ನ ಓದ್ಸಿದ್ದು ಮಣ್ ತುಳ್ಯಾಕಾ? ಅದಾದ್ರೆ ನಮ್ ಗದ್ದೇಲೇ ಇತ್ತಲ್ಲ, ರೈಲ್ ಅತ್ತಿ ಓಗ್ಬೇಕಿತ್ತಾ?" ಎನ್ನುತ್ತಿದ್ದಳು.

ಮೊದಲ ಪಾಠವನ್ನು ನಾನು ಕಲಿತದ್ದು ಸೇರಿದ ಎರಡನೇ ತಿಂಗಳಲ್ಲಿ. ಕಲಿಯುವವರ ಮಡಕೆಗಳ ತಳ ಯಾವಾಗಲೂ ದಪ್ಪ. ಒಳಗೆ ಪಸೆ ಉಳಿದಿರುತ್ತದೆ, ಆವಿಗೆ ಬಿಸಿಯೇರಿದಾಗ ಪಟ್ಟೆಂದು ಸಿಡಿಯುತ್ತದೆ. ಆ ಸಲ ಬಾಗಿಲು ತೆಗೆದಾಗ ಅರ್ಧಕ್ಕರ್ಧ ಚೂರಾಗಿತ್ತು. ನಾನು ಚೂರುಗಳನ್ನು ಮೊರದಲ್ಲಿ ತುಂಬಿ ಹೊರಗೆ ತರುವಾಗ ಮೇಡಂ ತಡೆದರು.

"ಎಲ್ಲಿಗೆ, ವಿಮಲಾ?"

"ಅವರವರಿಗೆ ತೋರಿಸೋಕೆ, ಮೇಡಂ."

"ಅಂಡರ್‌ಗ್ರೌಂಡಲ್ಲಿ ದಿನಾ ಒಡೆದದ್ದನ್ನೇ ನೋಡೋ ಜನ ಇವರು. ಇಲ್ಲಿಗೂ ಬಂದು ಅದನ್ನೇ ನೋಡಬೇಕಾ? ನಮ್ಮ ಬಾಗಿಲಿಂದ ಯಾರೂ ಬರಿಗೈಲಿ ಹೋಗಬಾರದು."

ನನಗೆ ಆ ಮಾತು ತುಂಬ ಹಿಡಿಸಿತು. ಅಂದು ಮಧ್ಯಾಹ್ನ ನಾನೂ ಸಂಪಂಗಿಯೂ ಕೂತು ಒಡೆದವನ್ನೆಲ್ಲ ಹೊಸದಾಗಿ ಮಾಡಿದೆವು. ಒಣಗಿಸಿ, ಸುಟ್ಟು, ಹೊಳಪಿನ ಗ್ಲೇಜ್ ಬಳಿದು, ಮತ್ತೆ ಸುಟ್ಟು, ಅವರವರ ಹೆಸರಿನಲ್ಲಿ ಕೊಟ್ಟೆವು. ಹಸಿಯಾಗಿದ್ದಾಗ ದೊಡ್ಡದಾಗಿ, ಮಂಕಾಗಿ ಕಾಣುವ ಮಡಕೆ ಆವಿಗೆಯಿಂದ ಚಿಕ್ಕದಾಗಿ, ಹೊಳೆಯುತ್ತ ಹೊರಬರುತ್ತದೆ. ವಾರಗಟ್ಟಲೆ ಕಾದವರಿಗೆ ಗುರುತು ಎಲ್ಲಿಂದ ಸಿಗಬೇಕು? ಯಾರಿಗೂ ತಿಳಿಯಲಿಲ್ಲ. ಎಲ್ಲರೂ ನಕ್ಕುಕೊಂಡು ಮನೆಗೆ ಹೋದರು. ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು.

ಈ ಕೆಲಸದಲ್ಲಿ ನನಗೊಂದು ವಿದ್ಯೆ ಒಲಿಯಿತು. ಯಾರ ಕೈಯ ಮಡಕೆಯನ್ನಾದರೂ ಅವರ ಕೈಯದೇ ಎಂಬಂತೆ ಮಾಡಬಲ್ಲವಳಾದೆ. ಒಬ್ಬರ ಹೆಬ್ಬೆರಳು ಎಡಕ್ಕೆ ಒತ್ತುತ್ತದೆ, ಒಬ್ಬರ ಅಂಚು ಒಂದು ಕಡೆ ತಗ್ಗು, ಇನ್ನೊಬ್ಬರ ಮಡಕೆಯ ಹೊಟ್ಟೆಯ ಉಬ್ಬು ಕೆಳಗಿಳಿದಿರುತ್ತದೆ. ಅದೇ ತಪ್ಪನ್ನು ಸ್ವಲ್ಪ ಕಡಿಮೆ ಮಾಡಿ ಇಡುತ್ತಿದ್ದೆ. ಪೂರ್ತಿ ತಿದ್ದಿದರೆ ಅನುಮಾನ ಬರುತ್ತದೆ. ಹೆಂಗಸರು ಹೋದ ಮೇಲೆ ನಾನು ಚಕ್ರಕ್ಕೆ ಕೂತರೆ ಸಂಪಂಗಿ, "ಏನ್ ವಿಮ್ಲಕ್ಕ, ಇವತ್ತು ಯಾರ್ ಕೈ ಆಕ್ಕೊಂಡಿದ್ದೀಯ?" ಎಂದು ಕಿಚಾಯಿಸುತ್ತಿದ್ದ. ನಾನು ಹೆಮ್ಮೆಯಿಂದ ಹೆಸರು ಹೇಳುತ್ತಿದ್ದೆ.

ಅನುಮಾನ ಬಂದದ್ದು ಒಮ್ಮೆ ಮಾತ್ರ. ರಾಬರ್ಟ್‌ಸನ್‌ಪೇಟೆಯ ಒಬ್ಬ ನಿವೃತ್ತ ಗಣಿತದ ಮೇಷ್ಟರು ತಮ್ಮ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ನನ್ನದಲ್ಲ. ನನ್ನದು ಇಷ್ಟು ನೆಟ್ಟಗಿರಲಿಲ್ಲ" ಎಂದರು.

"ಬೆಂಕಿ ತಿದ್ದುತ್ತೆ ಮೇಷ್ಟ್ರೆ" ಎಂದ ಸಂಪಂಗಿ, ಕಣ್ಣು ಮಿಟುಕಿಸದೆ.

"ಬೆಂಕಿ ತಿದ್ದುತ್ತಾ?"

"ಮನುಷ್ಯರನ್ನೇ ತಿದ್ದುತ್ತೆ ಅಂತಾರೆ, ಲೋಟ ಯಾವ ಲೆಕ್ಕ?"

ಮೇಷ್ಟರು ಲೋಟ ತೆಗೆದುಕೊಂಡು ಹೋದರು. ಮತ್ತೆ ತರಗತಿಗೆ ಬರಲಿಲ್ಲ. ಆ ದಿನ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಬೆಂಕಿ ತಿದ್ದುತ್ತೆ" ಎಂಬುದು ನಮ್ಮಿಬ್ಬರ ನಡುವಿನ ಗಾದೆಯಾಯಿತು. ಅವರು ಯಾಕೆ ಬರಲಿಲ್ಲ ಎಂದು ಯೋಚಿಸುವಷ್ಟು ಬುದ್ಧಿ ಆಗ ನಮಗಿರಲಿಲ್ಲ.

ಏಳುಮಲೈ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಗಣಿಯಲ್ಲಿ ಡ್ರಿಲ್ ಹಿಡಿದು ಬಂಡೆ ಕೊರೆದವರು, ಆಗಷ್ಟೇ ಕೆಲಸ ಬಿಟ್ಟಿದ್ದರು. ಡ್ರಿಲ್ಲಿನ ಸದ್ದಿಗೆ ಕಿವಿ ಮುಕ್ಕಾಲು ಹೋಗಿತ್ತು. ತಮಗೆ ಕೇಳಿಸದ ಕಾರಣ ತಾವೂ ಕೂಗಿಯೇ ಮಾತಾಡುತ್ತಿದ್ದರು. ಹೆಂಡತಿ ಕನ್ನಿಯಮ್ಮ ಮೊದಲು ನಮ್ಮಲ್ಲಿಗೆ ಬರುತ್ತಿದ್ದಳು. ಅವಳನ್ನು ಬಿಡಲು ಬಂದ ಹಾಗೆ ಮಾಡಿ ಬಾಗಿಲಲ್ಲಿ ನಿಲ್ಲುತ್ತಿದ್ದ ಏಳುಮಲೈ ಒಂದು ಮಂಗಳವಾರ ಒಳಗೆ ಬಂದುಬಿಟ್ಟರು.

"ಟೀಚರಮ್ಮಾ! ನಾನ್ ಇಷ್ಟ್ ವರ್ಷ ಬಂಡೆ ಜೊತೆ ಜಗಳ ಆಡ್ದೋನು. ಮಣ್ಣು ನನ್ ಮಾತ್ ಕೇಳ್ತದಾ?"

"ಕೇಳತ್ತೆ, ಕೂತ್ಕೊಳ್ಳಿ."

"ಎನ್ನಾ?"

"ಕೇಳತ್ತೆ!" ಎಂದು ನಾನೂ ಕೂಗಿದೆ. ಇಡೀ ಶೆಡ್ಡು ನಕ್ಕಿತು.

ಮಣ್ಣು ಅವರ ಮಾತು ಕೇಳಲಿಲ್ಲ. ಚಕ್ರದ ಮೇಲೆ ಮುದ್ದೆಯನ್ನು ನಡುವಿಗೆ ತಂದು ನಿಲ್ಲಿಸುವುದೇ ಈ ವಿದ್ಯೆಯ ಮೊದಲ ಮೆಟ್ಟಿಲು. ಬಂಡೆಗೆ ಒತ್ತಿದ ಹಾಗೆ ಅವರು ಮಣ್ಣಿಗೂ ಒತ್ತುತ್ತಿದ್ದರು, ಮುದ್ದೆ ಒಂದು ಪಕ್ಕಕ್ಕೆ ಓಡುತ್ತಿತ್ತು. ನಾನು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ನನ್ನ ಅಂಗೈ ಒಂದನ್ನು ಆನಿಸುತ್ತಿದ್ದೆ. ಮುದ್ದೆ ನಿಲ್ಲುತ್ತಿತ್ತು. ಮಡಕೆಯ ಗೋಡೆ ಎತ್ತುವಾಗ ಹೊರಗಿನಿಂದ ಒಂದು ಬೆರಳು ಕೊಡುತ್ತಿದ್ದೆ. ಗೋಡೆ ಏಳುತ್ತಿತ್ತು. "ನೋಡಿದ್ರಾ, ಬಂತು!" ಎನ್ನುತ್ತಿದ್ದೆ. ಅವರ ಮುಖ ಅರಳುತ್ತಿತ್ತು. ಆಮೇಲೆ ತಳ ಸೀಳಿದರೆ ನಾನು ಹೊಸದು ಮಾಡುತ್ತಿದ್ದೆ. ಪ್ರತಿ ಸಲವೂ ಸೀಳುತ್ತಿತ್ತು.

ಅವರಿಗೆ ಉಪ್ಪಿನ ಜಾಡಿಗಳ ಮೇಲೆ ಮನಸ್ಸು. ಅಂಗೈಯಗಲದ ತಳ, ದುಂಡು ಹೊಟ್ಟೆ, ಮೇಲೊಂದು ಚಪ್ಪಟೆ ಮುಚ್ಚಳ. ನಾಲ್ಕಾರು ವರ್ಷದಲ್ಲಿ ಆ ಲೈನಿನಲ್ಲಿ ಏಳುಮಲೈ ಜಾಡಿ ಇಲ್ಲದ ಅಡುಗೆಮನೆ ಇರಲಿಲ್ಲ. ಮದುವೆಗೆ ಅದೇ ಉಡುಗೊರೆ, ಗೃಹಪ್ರವೇಶಕ್ಕೂ ಅದೇ. ಯಾರಾದರೂ ಮೆಚ್ಚಿದರೆ ಎರಡೂ ಅಂಗೈ ಎತ್ತಿ ತೋರಿಸಿ, "ಈ ಕೈ ಬಂಡೇನೂ ಒಡೀತು, ಜಾಡೀನೂ ಕಟ್ಟುತು" ಎನ್ನುತ್ತಿದ್ದರು. ನಾನು ಪಕ್ಕದಲ್ಲೇ ನಿಂತು ನಗುತ್ತಿದ್ದೆ.

ಒಂದು ವರ್ಷ ಟ್ರಸ್ಟಿನವರು, ಹೊರಗಿನವರೇ ಎಷ್ಟು ದಿನ ಕಲಿಸುವುದು, ಲೈನಿನ ಒಬ್ಬರನ್ನೇ ಶಿಕ್ಷಕರಾಗಿ ತೆಗೆದುಕೊಳ್ಳೋಣ ಎಂದು ತೀರ್ಮಾನಿಸಿದರು. ಎಲ್ಲರ ಬಾಯಲ್ಲೂ ಒಂದೇ ಹೆಸರು. ಆಗಲೇ ನಾನು ಮೇಡಂ ಬಳಿ ಹೋಗಿ ಬೇಡ ಎನ್ನಬೇಕಿತ್ತು. ಸಂಪಂಗಿ ಎರಡು ಸಲ ಹೇಳಿದ. "ಅಕ್ಕ, ಆಯಪ್ಪ ಒಬ್ನೇ ಕೂತ್ರೆ ಮುದ್ದೇನೂ ನಿಲ್ಲಲ್ಲ. ನಿಂಗ್ ಗೊತ್ತು, ನಂಗ್ ಗೊತ್ತು." ನಾನು, "ಪಕ್ಕದಲ್ಲಿ ನಾನಿರ್ತೀನಲ್ಲ" ಎಂದೆ.

ಟ್ರಸ್ಟಿನವರು ಕರೆದ ಅತಿಥಿಗಳ ಎದುರು ಅವರು ಒಂದು ಜಾಡಿ ಮಾಡಿ ತೋರಿಸುವುದೆಂದಾಯಿತು. ಅಂಗಳದಲ್ಲಿ ಶಾಮಿಯಾನ ಹಾಕಿ ಒಂದು ಚಕ್ರವನ್ನು ಹೊರಗೆ ತಂದಿಟ್ಟರು. ಏಳುಮಲೈ ಬಿಳಿ ಶರ್ಟು ಹಾಕಿ, ತೋಳು ಮಡಿಸಿ, ವಿಭೂತಿ ಇಟ್ಟುಕೊಂಡು ಬಂದರು. ಲೈನಿನ ಜನವೆಲ್ಲ ಸೇರಿತ್ತು. ನಾನು ಅವರ ಪಕ್ಕಕ್ಕೆ ಹೋಗುವಷ್ಟರಲ್ಲಿ ಮೇಡಂ, "ವಿಮಲಾ, ಅತಿಥಿಗಳ ಹತ್ತಿರ ಇರು, ಏನು ನಡೀತಿದೆ ಅಂತ ವಿವರಿಸು" ಎಂದು ಮುಂದಿನ ಕುರ್ಚಿಗಳ ಕಡೆ ಕಳಿಸಿದರು.

ಅವರು ಚಕ್ರ ಒದ್ದರು. ಮುದ್ದೆ ಪಕ್ಕಕ್ಕೆ ಓಡಿತು. ನಕ್ಕು, ತೆಗೆದು, ಮತ್ತೆ ಹಾಕಿದರು. ಎರಡನೆಯದು ಗೋಡೆ ಏಳುವ ಮೊದಲೇ ಹರಿಯಿತು. ಮೂರನೆಯದು ಚಕ್ರದಿಂದ ಹಾರಿ ಬಿಳಿ ಶರ್ಟಿಗೆ ಬಡಿಯಿತು. ಮಕ್ಕಳು ಕಿಸಕ್ಕೆಂದರು. ಯಾರೋ, "ಬುಡಣ್ಣೋ, ಮಣ್ಣಿಗೂ ಕಿವಿ ಕೇಳಿಸ್ತಿಲ್ಲ!" ಎಂದು ಕೂಗಿದರು. ಸಂಪಂಗಿ ಓಡಿ ಬಂದು, "ಇವತ್ತು ಮಣ್ಣು ಸರಿಯಾಗಿ ಕಲಸಿಲ್ಲ, ತಪ್ಪು ನಂದೇ" ಎಂದು ಹೇಳಿ ತಾನೇ ಕೂತು ಒಂದು ಹೂಜಿ ಎತ್ತಿ ಚಪ್ಪಾಳೆ ಹೊಡೆಸಿದ. ನಾನು ಅತಿಥಿಗಳ ಪಕ್ಕದಲ್ಲಿ ನಿಂತು ಏನು ವಿವರಿಸುತ್ತಿದ್ದೆನೋ ನೆನಪಿಲ್ಲ. ಏಳುಮಲೈ ಜನರ ಕಡೆ ನೋಡಲಿಲ್ಲ. ತಮ್ಮ ಎರಡು ಕೈಗಳನ್ನೇ ಮಗುಚಿ ಮಗುಚಿ ನೋಡುತ್ತಿದ್ದರು.

ಅವರಿಗೆ ಅವಮಾನವಾಗಿದೆ, ಸ್ವಲ್ಪ ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಎರಡು ವಾರದ ಮೇಲೆ ಕನ್ನಿಯಮ್ಮ ಬಂದು ಬಾಗಿಲಲ್ಲೇ ನಿಂತಳು.

"ಟೀಚರಮ್ಮ, ಅವರ್ ಕೈ ಓಗ್ಬಿಟ್ಟೈತೆ."

"ಏನಾಯ್ತು?"

"ಡ್ರಿಲ್ ಇಡ್ದೋರ್ ಕೈ ಒಂದಿನ ಸಾಯ್ತದೆ ಅಂತ ಲೈನಲ್ಲಿ ಏಳ್ತಾರಲ್ಲ, ಅಂಗೆ. ಇಷ್ಟ್ ವರ್ಷ ಅಷ್ಟ್ ಚೆನ್ನಾಗ್ ಜಾಡಿ ಮಾಡ್ತಿದ್ದ ಕೈ, ಒಂದೇ ದಿನದಲ್ಲಿ ಸತ್ತೋಯ್ತು. ಡಾಕ್ಟ್ರು ನೋಡಿ ಏನೂ ಇಲ್ಲ ಅಂತಾರೆ. ಏನೂ ಇಲ್ದಿದ್ರೆ ಜಾಡಿ ಯಾಕ್ ಬರ್ಲಿಲ್ಲ? ಅವರ್ ಕೇಳೋದೂ ಅದೇ."

ಅವರಲ್ಲಿ ಇಲ್ಲದ್ದನ್ನು ಇದೆ ಎಂದು ನಾವು ನಂಬಿಸಿದ್ದೆವು. ಈಗ ಅವರು ಅದನ್ನು ಕಳೆದುಕೊಂಡೆನೆಂದು ನಂಬಿದ್ದರು.

ಮನೆಗೆ ಹೋಗಿ ನೋಡಿದೆ. ಬಿಸಿ ಉಪ್ಪಿನ ಗಂಟು ಕಟ್ಟಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗಡ್ಡ ಬೆಳೆದಿತ್ತು, ಕ್ಷೌರದ ಕತ್ತಿ ಹಿಡಿಯಲು ಭಯವಂತೆ. ಕನ್ನಿಯಮ್ಮ ಕಾಫಿ ಲೋಟವನ್ನು ಅವರ ತುಟಿಗೆ ಹಿಡಿದು ಕುಡಿಸಿದಳು. ಬಾಣಂತನಕ್ಕೆ ಬಂದ ಮಗಳು ಒಳಗಿದ್ದಳು. ಮೊಮ್ಮಗು ಹುಟ್ಟಿ ಹತ್ತು ದಿನ ಕಳೆದಿದ್ದರೂ ಅಜ್ಜ ಇನ್ನೂ ಎತ್ತಿಕೊಂಡಿರಲಿಲ್ಲ. "ಕೆಳಗ್ ಬೀಳ್ಸಿಬಿಡ್ತೀನಿ. ವೇಲೂರಿನ ದೊಡ್ ಆಸ್ಪತ್ರೇಲಿ ನರ ನೋಡ್ತಾರಂತೆ, ಮುಂದಿನ್ ವಾರ ಓಗ್ತೀನಿ" ಎಂದು ಕೂಗಿದರು. ನಾನು ಎದ್ದು ಬಂದೆ.

ಮೇಡಂಗೆ ಎಲ್ಲ ಹೇಳಿದೆ. ಅವರು ಕೈಯ ಮಣ್ಣು ತೊಳೆದು ಬಂದು ಎದುರಿಗೆ ಕೂತರು.

"ಈಗ ನಿಜ ಹೇಳಿ ಏನು ಕೊಡ್ತೀಯ ಅವರಿಗೆ? ಕಾಯಿಲೆಯಿಂದ ಕೈ ಹೋಯ್ತು ಅಂದ್ರೆ ಮರ್ಯಾದೆಯಾದ್ರೂ ಉಳಿಯುತ್ತೆ. ಒಂದು ಜಾಡೀನೂ ನಿಮ್ಮದಲ್ಲ ಅಂದ್ರೆ ಏನು ಉಳಿಯುತ್ತೆ?"

"ಮಗು ಎತ್ಕೊಳ್ತಿಲ್ಲ ಮೇಡಂ."

"ಎತ್ಕೊಳ್ತಾರೆ, ಸ್ವಲ್ಪ ದಿನ ಆಗಲಿ. ಅವರೊಬ್ಬರಿಗೆ ಹೇಳಿದ್ರೆ ಎಲ್ಲರಿಗೂ ಹೇಳಿದ ಹಾಗೆ. ಆಮೇಲೆ ಯಾರು ಬರ್ತಾರೆ ಇಲ್ಲಿಗೆ?"

ಅವರ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ನನಗೂ ಅದು ಅನುಕೂಲವಾಗಿಯೇ ಇತ್ತು. ಆ ವಾರವೆಲ್ಲ ಸುಮ್ಮನಿದ್ದೆ. ಹೇಳಬೇಕು ಎನಿಸಿದಾಗಲೆಲ್ಲ ಅವರ ಮಾನದ ನೆಪ ಮುಂದೆ ಬರುತ್ತಿತ್ತು. ನಿಜವಾಗಿ ನಾನು ಕಾಪಾಡಿಕೊಳ್ಳುತ್ತಿದ್ದದ್ದು ನನ್ನ ಮಾನವನ್ನು.

ವೇಲೂರಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು. ಒಳಗೆ ಮಗು ಅಳುತ್ತಿತ್ತು. ನಾನು ಹತ್ತಿರ ಕೂತು ಮೆಲ್ಲಗೆ ಹೇಳಿದೆ.

"ಆ ಜಾಡಿಗಳು ನೀವು ಮಾಡಿದ್ದಲ್ಲ."

"ಎನ್ನಾ?"

"ನೀವು ಮಾಡಿದ್ದಲ್ಲ. ನಾನು ಮಾಡಿದ್ದು."

"ಕೇಳಿಸ್ತಿಲ್ಲಮ್ಮ, ಜೋರಾಗ್ ಏಳು!"

ಲೈನು ಮನೆಗಳ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎದುರು ಸಾಲಿನಲ್ಲಿ ಹೆಂಗಸರು ಅಕ್ಕಿ ಆರಿಸುತ್ತಿದ್ದರು. ಬೇರೆ ದಾರಿ ಇರಲಿಲ್ಲ. ನಾನು ಎದ್ದುನಿಂತು ಕೂಗಿದೆ.

"ಜಾಡಿಗಳು ನೀವು ಮಾಡಿದ್ದಲ್ಲ! ನಿಮ್ಮವೆಲ್ಲ ಸೀಳಿಹೋಗ್ತಿದ್ವು! ನಾನು ಬೇರೆ ಮಾಡಿ ಕೊಡ್ತಿದ್ದೆ! ನಿಮ್ಮ ಕೈಗೆ ಏನೂ ಆಗಿಲ್ಲ!"

ಅಕ್ಕಿ ಆರಿಸುವ ಕೈಗಳು ನಿಂತವು. ಮೊದಲು ಹೊರಗೆ ಬಂದವಳು ಕನ್ನಿಯಮ್ಮ. "ಕೈಗೆ ಏನೂ ಆಗಿಲ್ವಾ? ನಿಜವಾಗ್ಲೂ?" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಆಮೇಲೆ ಉಳಿದ ಮಾತು ಅವಳ ತಲೆಗೆ ಹೋಯಿತು. ಭುಜದ ಮೇಲಿನ ಕೈ ತೆಗೆದಳು. ಒಳಗಿನಿಂದ ಒಂದು ಜಾಡಿ ತಂದು ನನ್ನ ಮುಂದೆ ಇಟ್ಟಳು.

"ಇದು?"

"ನಾನು ಮಾಡಿದ್ದು."

ಎದುರು ಮನೆಯವಳು ಸೆರಗಿನಲ್ಲಿ ಒರೆಸುತ್ತ ಇನ್ನೊಂದು ತಂದಳು. "ಇದು, ನನ್ ಮಗಳ್ ಮದ್ವೇಗ್ ಕೊಟ್ಟಿದ್ದು?"

"ಅದೂ ನಾನೇ."

ಒಂದೊಂದಾಗಿ ಜಾಡಿಗಳು ಜಗಲಿಗೆ ಬಂದವು, ಕೆಲವು ಉಪ್ಪಿನ ಸಮೇತ. ಪ್ರತಿಯೊಂದಕ್ಕೂ ನಾನು ಬಾಯಿ ಬಿಟ್ಟು ಹೇಳಬೇಕಾಯಿತು. ಒಬ್ಬ ಮುದುಕಿ, "ಏನ್ ಟೀಚರಮ್ಮ, ನಮ್ ಏಳುಮಲೈಗೆ ಪಿಳ್ಳೆಗಳಾದ್ರೂ ಅವನ್ವೇನಾ?" ಎಂದಾಗ ಎಲ್ಲರೂ ಗೊಳ್ಳೆಂದರು. ಕನ್ನಿಯಮ್ಮ ನಗಲಿಲ್ಲ. ಏಳುಮಲೈ ಕೈಗೆ ಕಟ್ಟಿದ್ದ ಬಟ್ಟೆಯನ್ನು ಹಲ್ಲಿನಿಂದ ಬಿಚ್ಚುತ್ತಿದ್ದರು.

"ಒಂದೂ ನಂದಲ್ವಾ?" ಎಂದರು. ಜೀವನದಲ್ಲಿ ಮೊದಲ ಸಲ ಅವರು ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ.

ಮುಚ್ಚಳಗಳು ನೆನಪಾದವು. ಅವನ್ನು ಅವರು ಚಕ್ರವಿಲ್ಲದೆ ಕೈಯಲ್ಲೇ ತಟ್ಟುತ್ತಿದ್ದರು, ಚಪ್ಪಟೆ, ತೆಳು. ಆವಿಗೆಯಲ್ಲಿ ಸೀಳುತ್ತಿರಲಿಲ್ಲ. "ಮುಚ್ಚಳ ನಿಮ್ಮದೇ! ಎಲ್ಲ ಮುಚ್ಚಳಾನೂ ನೀವೇ ಮಾಡಿದ್ದು!" ಎಂದು ಕೂಗಿದೆ. ಕೂಗಿದ ಮೇಲೆ, ಊಟ ಕಸಿದುಕೊಂಡು ಉಪ್ಪಿನಕಾಯಿ ಬಡಿಸಿದ ಹಾಗಾಯಿತಲ್ಲ ಎನಿಸಿ ತಲೆ ತಗ್ಗಿಸಿದೆ.

ಅವರು ಬಿಚ್ಚಿದ ಬಟ್ಟೆಯನ್ನು ಪಕ್ಕಕ್ಕಿಟ್ಟರು. ಬಾಗಿಲ ಕಡೆ ತಿರುಗಿ, "ಪಾಪನ ಕೊಡು" ಎಂದರು. ಮಗಳು ಅನುಮಾನಿಸುತ್ತಲೇ ಮಗುವನ್ನು ಅವರ ಕೈಗಿಟ್ಟಳು. ಅವರು ಎದೆಗೆ ಆನಿಸಿಕೊಂಡು ನನಗೆ ಬೆನ್ನು ತಿರುಗಿಸಿ ಕೂತರು. ನಾನು ಜಾಡಿಗಳ ನಡುವೆ ದಾರಿ ಮಾಡಿಕೊಂಡು ಕೆಳಗಿಳಿದೆ. ಯಾರೂ ಕೂತುಕೊ ಎನ್ನಲಿಲ್ಲ.

ಮೇಡಂ ಹೇಳಿದ್ದೇ ಆಯಿತು. ಲೈನಿನ ಹೆಂಗಸರು ತಮ್ಮ ಲೋಟ, ಬಟ್ಟಲು ತಂದು, "ಇದ್ರಲ್ ನಂದೆಷ್ಟು, ನಿಂದೆಷ್ಟು?" ಎಂದು ಕೇಳಿದರು. ನಾನೂ ಸಂಪಂಗಿಯೂ ಒಂದೊಂದಕ್ಕೂ ಉತ್ತರ ಹೇಳಿದೆವು. ಅರ್ಧ ಜನ ಬರುವುದನ್ನೇ ಬಿಟ್ಟರು. ಮೇಡಂ ಕೆಲವು ತಿಂಗಳು ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಆಮೇಲೆ ಅವರೇ ಒಂದು ದಿನ ಆವಿಗೆಯ ಬಾಗಿಲು ತೆಗೆದು, ಚೂರುಗಳನ್ನು ತಟ್ಟೆಯಲ್ಲಿ ಜೋಡಿಸಿ, ಹೆಸರಿನ ಚೀಟಿ ಇಟ್ಟು ಮುಂದಿನ ಬೆಂಚಿನ ಮೇಲೆ ಇಟ್ಟರು. ಅಂದಿನಿಂದ ಅದು ನಿಯಮ. ಒಡೆದರೆ ಒಡೆದದ್ದೇ ಕೊಡುವುದು, ಯಾಕೆ ಒಡೆಯಿತು ಎಂದು ಕೂತು ಹೇಳುವುದು. ಕಲಿಯುವವರ ಮಣ್ಣಿಗೆ ಕೇಳದೆ ಕೈ ಹಾಕುವಂತಿಲ್ಲ. ಹುಡುಗಿಯರೇ, ನೀವು ಕೇಳಿದ ಪ್ರಶ್ನೆಗೆ ಉತ್ತರ ಇದು: ಆಮೇಲಿನ ವರ್ಷಗಳಲ್ಲಿ ನಮ್ಮಲ್ಲಿ ಬೇಕಾದಷ್ಟು ಒಡೆದವು.

ಏಳುಮಲೈ ಇನ್ನು ಬರುವುದಿಲ್ಲ ಎಂದು ನಾನು ನಿಶ್ಚಯ ಮಾಡಿಕೊಂಡಿದ್ದೆ. ಮಳೆಗಾಲ ಕಳೆದ ಮೇಲೆ ಒಂದು ಮಂಗಳವಾರ ಬಂದರು. ಎಲ್ಲರಿಗೂ ಕೇಳಿಸುವಂತೆ, "ಮೊದ್ಲಿಂದ ಕಲ್ಸು" ಎಂದರು. ಚಕ್ರಕ್ಕೆ ಕೂತು, ಮುದ್ದೆ ಹಾಕಿ, ಒದೆಯುವ ಮೊದಲು ನನ್ನ ಕಡೆ ತಿರುಗಿದರು.

"ಕೈ ತೋರ್ಸಮ್ಮ."

ನಾನು ಎರಡೂ ಕೈ ಮುಂದೆ ಚಾಚಿದೆ. ಅವರು ಹಿಡಿದು, ತಿರುಗಿಸಿ, ಬೆರಳ ಸಂದುಗಳನ್ನು ನೋಡಿದರು. ಅವರ ಮುದ್ದೆಯನ್ನು ನಾನು ಮುಟ್ಟಿದ ಗುರುತಾಗಿ ಹಸಿ ಮಣ್ಣು ಎಲ್ಲೂ ಇರಲಿಲ್ಲ. "ಒಣಗೈತೆ" ಎಂದು ಕೂಗಿ ಹೇಳಿ ಚಕ್ರ ಒದ್ದರು.

ಗಣಿಯ ಕೆಲಸ ಇಳಿಮುಖವಾಗಿ, ಲೈನುಗಳಿಂದ ಜನ ಚದುರಿ, ತೊಂಬತ್ತರ ದಶಕದಲ್ಲಿ ನಮ್ಮ ಶೆಡ್ಡು ಮುಚ್ಚುವವರೆಗೂ ಅವರು ಬಂದರು. ಅವರ ಜಾಡಿಗಳು ವಾಲುತ್ತಿದ್ದವು, ಎಷ್ಟೋ ಸೀಳಿದವು, ಕೆಲವು ಉಳಿದವು. ಪ್ರತಿ ಮಂಗಳವಾರವೂ ಮೊದಲು ನನ್ನ ಕೈ ನೋಡಿದರು. ಹೊಸದಾಗಿ ಸೇರಿದವರು ಅದನ್ನು ತಮಾಷೆ ಎಂದುಕೊಂಡು ನಗುತ್ತಿದ್ದರು. ಏಳುಮಲೈ ನಗುತ್ತಿರಲಿಲ್ಲ. ನಾನು ಸೆರಗಿನಲ್ಲಿ ಒರೆಸಿಕೊಂಡು, ಅಷ್ಟು ಜನರ ಎದುರಿಗೆ ಕೈಗಳನ್ನು ಮುಂದೆ ಚಾಚಿ ನಿಲ್ಲುತ್ತಿದ್ದೆ. ನೋಡಿಯಾದ ಮೇಲೆಯೇ ಅವರು ಚಕ್ರಕ್ಕೆ ಕಾಲು ಇಡುತ್ತಿದ್ದರು.